ಅಕ್ಕನ ಖರ್ಚಿನ ಪುಸ್ತಕ: ಆಂಡೀಸ್ ಬೆಟ್ಟದ ಕೋಟಕಾಚಿಯಲ್ಲಿ ಎರಡು ವರ್ಷ

ಅಕ್ಕ ದಿನದ ಖರ್ಚು ಬರೆದಿಡುವವಳು. ಮದುವೆಯಾಗಿ ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದಾಗ ಶುರುವಾದ ಅಭ್ಯಾಸ ಇದು. ಅಮೆರಿಕಕ್ಕೆ ಹೋದ ಮೇಲೂ ಬಿಡಲಿಲ್ಲ. ಗೆರೆ ಹಾಕಿದ ನೋಟ್‌ಬುಕ್, ಎಡಕ್ಕೆ ತಾರೀಖು, ಬಲಕ್ಕೆ ಮೊತ್ತ, ತಿಂಗಳ ಕೊನೆಗೆ ಕೆಂಪು ಶಾಯಿಯಲ್ಲಿ ಒಟ್ಟು. 2023ರ ಸೆಪ್ಟೆಂಬರ್‌ನಿಂದ ಈಚಿನ ಪುಸ್ತಕಗಳ ಮೇಲೆ ಊರಿನ ಹೆಸರು ಬದಲಾಗಿದೆ: ಕೋಟಕಾಚಿ, ಈಕ್ವೆಡಾರ್. ಈ ಬರಹಕ್ಕೆ ಆ ಪುಸ್ತಕಗಳೇ ಆಧಾರ. ಜೊತೆಗೆ 2024ರ ಜೂನ್‌ನಲ್ಲಿ ನಾನು ಅವರ ಮನೆಯಲ್ಲಿ ಕಳೆದ ಮೂರು ವಾರ, ಮತ್ತೆ ಪ್ರತಿ ಭಾನುವಾರ ಫೋನಿನಲ್ಲಿ ನಡೆಯುವ ಹರಟೆ. "ಲೆಕ್ಕ ಬೇಕಾದ್ರೆ ಹಾಕ್ಕೊ, ಹೆಸರು ಮಾತ್ರ ಬೇಡ" ಅಂದಿದ್ದಾಳೆ. ಹಾಗಾಗಿ ಇಲ್ಲಿ ಅವರು ಬರೀ ಅಕ್ಕ, ಭಾವ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಕಡಿಮೆ ಖರ್ಚಿನ ಊರು ಅಂತ ಹುಡುಕಿಕೊಂಡು ಹೋದವರು ಮೊದಲ ಆರು ತಿಂಗಳು ತಿಂಗಳಿಗೆ ಸರಾಸರಿ 1,900 ಡಾಲರ್ ಖರ್ಚು ಮಾಡಿದರು. ಬರುತ್ತಿದ್ದದ್ದು 1,780. ಒಂದು ವರ್ಷದ ಹೊತ್ತಿಗೆ ಅದೇ ಊರಲ್ಲಿ, ಅದೇ ಇಬ್ಬರ ಖರ್ಚು 1,145ಕ್ಕೆ ಇಳಿದಿತ್ತು. ಊರಿನಲ್ಲಿ ಯಾವ ಬೆಲೆಯೂ ಇಳಿದಿರಲಿಲ್ಲ. ಅಲ್ಲಿ ಪ್ರತಿಯೊಂದಕ್ಕೂ ಎರಡು ಬೆಲೆ ಇದೆ, ಹೊರಗಿನವರದ್ದು ಒಂದು, ಊರಿನವರದ್ದು ಒಂದು. ಇವರು ಮೊದಲನೆಯದರಿಂದ ಎರಡನೆಯದಕ್ಕೆ ದಾಟಿದರು, ಅಷ್ಟೆ. ಹೇಗೆ ದಾಟಿದರು, ಪೂರ್ತಿ ದಾಟಿದರಾ ಅನ್ನುವುದೇ ಈ ಪ್ರಕರಣ.

ಹೋಗಿದ್ದು ಯಾಕೆ

ಭಾವ ನ್ಯೂಜೆರ್ಸಿಯಲ್ಲಿ ಒಂದು ಗೋದಾಮಿನ ಮೇಲ್ವಿಚಾರಕರಾಗಿದ್ದರು. 2022ರಲ್ಲಿ ಕೆಲಸ ಹೋಯಿತು. ವಯಸ್ಸು 61. ಸ್ವಂತ ಮನೆ ಮಾಡಿರಲಿಲ್ಲ. ಉಳಿಸಿದ್ದು ಮಗನ ಓದಿಗೆ, ಊರಲ್ಲಿದ್ದ ಅಪ್ಪ ಅಮ್ಮನ ಆಸ್ಪತ್ರೆಗೆ ಹೋಗಿತ್ತು. 62 ತುಂಬಿದ ಕೂಡಲೇ ಸೋಷಿಯಲ್ ಸೆಕ್ಯೂರಿಟಿ ಪಿಂಚಣಿ ತೆಗೆದುಕೊಂಡರು. 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ತಿ ಪಿಂಚಣಿ ಸಿಗುವುದು 67ಕ್ಕೆ. 62ಕ್ಕೇ ಕೈ ಚಾಚಿದರೆ ಜೀವನಪೂರ್ತಿ ಶೇ. 30 ಕಡಿತ. ಕಡಿತ ಆಗಿ ಕೈಗೆ ಬಂದದ್ದು 1,780 ಡಾಲರ್. ಅಲ್ಲಿನ ಮನೆ ಬಾಡಿಗೆಯೇ 1,650.

ಮೈಸೂರಿಗೆ ಯಾಕೆ ವಾಪಸ್ ಬರಲಿಲ್ಲ ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳಿದರು, ನಾನೂ ಕೇಳಿದೆ. ಮಗ, ಸೊಸೆ, ಮೊಮ್ಮಗು ಫ್ಲೋರಿಡಾದಲ್ಲಿದ್ದಾರೆ. ಈಕ್ವೆಡಾರ್‌ನ ರಾಜಧಾನಿ ಕೀಟೊದಿಂದ ಫ್ಲೋರಿಡಾದ ಮಯಾಮಿಗೆ ವಿಮಾನದಲ್ಲಿ ನಾಲ್ಕು ಗಂಟೆ ಚಿಲ್ಲರೆ. ಗಡಿಯಾರವೂ ಹೆಚ್ಚು ಕಡಿಮೆ ಒಂದೇ. "ಮೈಸೂರಿಗೆ ಹೋದ್ರೆ ಅವನು ಎರಡು ವರ್ಷಕ್ಕೊಂದ್ಸಲ ಬರ್ತಾನೆ. ಇಲ್ಲಿದ್ರೆ ಮಗು ಸ್ಕೂಲಿಂದ ಬರೋ ಹೊತ್ತಿಗೆ ನಾನು ಫೋನಲ್ಲಿ ಕೂತಿರ್ತೀನಿ" ಅಂದಳು ಅಕ್ಕ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಕ್ವೆಡಾರ್ ಆರಿಸಿಕೊಳ್ಳಲು ಇನ್ನೊಂದು ಕಾರಣ ಅಲ್ಲಿನ ದುಡ್ಡು. 1999ರಲ್ಲಿ ಆ ದೇಶದ ಬ್ಯಾಂಕುಗಳು ಮುಳುಗಿ ಜನರ ಠೇವಣಿ ಸಿಕ್ಕಿಹಾಕಿಕೊಂಡಿತು. 2000ದ ಜನವರಿಯಲ್ಲಿ ಅಧ್ಯಕ್ಷ ಹಮೀಲ್ ಮಾವಾದ್ ದೇಶದ ನಾಣ್ಯ ಸುಕ್ರೆಯನ್ನೇ ಕೈಬಿಟ್ಟು ಅಮೆರಿಕದ ಡಾಲರನ್ನೇ ಬಳಸುವುದಾಗಿ ಘೋಷಿಸಿದರು. ಒಂದು ಡಾಲರ್‌ಗೆ 25,000 ಸುಕ್ರೆಯಂತೆ ಬದಲಾಯಿತು. ಅದೇ ತಿಂಗಳು ಅವರ ಕುರ್ಚಿ ಹೋಯಿತು, ಡಾಲರ್ ಮಾತ್ರ ಉಳಿಯಿತು. ಜನ ಜೀವಮಾನದ ಉಳಿತಾಯ ಕಳೆದುಕೊಂಡು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಸ್ಪೇನ್, ಅಮೆರಿಕ ಅಂತ ವಲಸೆ ಹೋದರು. ಅದೇ ಡಾಲರ್‌ನಿಂದಾಗಿ ಅಮೆರಿಕದ ಪಿಂಚಣಿದಾರರಿಗೆ ಇಲ್ಲಿ ವಿನಿಮಯ ದರದ ತಲೆನೋವಿಲ್ಲ. ಒಬ್ಬರು ಬಿಟ್ಟು ಹೋದ ಕಾರಣಕ್ಕೇ ಇನ್ನೊಬ್ಬರು ಬಂದು ಸೇರುತ್ತಾರೆ, ವಿಚಿತ್ರ ಅಲ್ವಾ?

ಊರು

ಕೋಟಕಾಚಿ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಅದರ ನೆತ್ತಿಗಿಂತ ಅರ್ಧ ಕಿಲೋಮೀಟರ್ ಮೇಲೆ ಒಂದು ಪೇಟೆ ಇದೆ ಅಂದುಕೊಳ್ಳಿ. ಭೂಮಧ್ಯರೇಖೆ ಮೂವತ್ತು ಚಿಲ್ಲರೆ ಕಿಲೋಮೀಟರ್ ದಕ್ಷಿಣಕ್ಕಿದೆ. ಸುತ್ತ ಜೋಳದ ಹೊಲ, ಒಂದು ಕಡೆ ಕೋಟಕಾಚಿ ಜ್ವಾಲಾಮುಖಿ, ಎದುರಿಗೆ ಇಂಬಾಬುರಾ. ಊರಿನವರಿಗೆ ಮೊದಲನೆಯದು ಮಾಮಾ, ತಾಯಿ. ಎರಡನೆಯದು ತಾಯ್ತಾ, ತಂದೆ. ಬೆಳಿಗ್ಗೆ ಎದ್ದಾಗ ಕೋಟಕಾಚಿಯ ತಲೆ ಮೇಲೆ ಹಿಮ ಬಿದ್ದಿದ್ದರೆ, ರಾತ್ರಿ ಇಂಬಾಬುರಾ ಬಂದು ಹೋಗಿದ್ದಾನೆ ಅಂತ ನಗುತ್ತಾರೆ. ಪೇಟೆಯ ಬೀದಿಯಲ್ಲಿ ಸಾಲಾಗಿ ಚರ್ಮದ ಚೀಲ, ಜಾಕೆಟ್ ಅಂಗಡಿಗಳು. ಸುತ್ತಲ ಹಳ್ಳಿಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಕಿಚ್ವಾ ಜನ. ಇಲ್ಲಿ 1996ರಿಂದ 2009ರವರೆಗೆ ಮೇಯರ್ ಆಗಿದ್ದ ಅವ್ಕಿ ತಿತುವಾನ್ಯಾ ಕೂಡ ಕಿಚ್ವಾ ಸಮುದಾಯದವರೇ. ಊರಿನ ಬಜೆಟ್ ಯಾವುದಕ್ಕೆ ಹೋಗಬೇಕು ಅಂತ ಜನರನ್ನೇ ಸೇರಿಸಿ ತೀರ್ಮಾನ ಮಾಡಿಸಿದವರು ಅವರು. ಊರಿಗೆ ಹೆಸರು ಬಂದದ್ದು ಅದರಿಂದ. ಆಮೇಲೆ ಅಮೆರಿಕದ ನಿವೃತ್ತರಿಗೆ ಸಲಹೆ ಕೊಡುವ ಪತ್ರಿಕೆಗಳ ಕಣ್ಣಿಗೂ ಬಿತ್ತು.

ಕಾಗದ ಪತ್ರ

ಇದನ್ನು ಬೇಗ ಮುಗಿಸೋಣ ಅಂದುಕೊಂಡರೂ ಆಗುವುದಿಲ್ಲ, ಯಾಕೆಂದರೆ ಅವರಿಗೂ ಬೇಗ ಮುಗಿಯಲಿಲ್ಲ. ಪಿಂಚಣಿ ವೀಸಾಕ್ಕೆ ಆ ದೇಶದ ಕನಿಷ್ಠ ತಿಂಗಳ ವೇತನದ ಮೂರು ಪಟ್ಟು ಪಿಂಚಣಿ ಬರಬೇಕು. 2023ರಲ್ಲಿ ಕನಿಷ್ಠ ವೇತನ 450 ಡಾಲರ್, ಹಾಗಾಗಿ 1,350. ಹೆಂಡತಿಗೆ ಇನ್ನೂ 250 ಸೇರಿಸಿ 1,600. ಇದು ಸರಿಹೋಯಿತು. ತೊಡಕಾಗಿದ್ದು ಮದುವೆ ಸರ್ಟಿಫಿಕೇಟ್. ಅವರ ಮದುವೆ ಮೈಸೂರಿನಲ್ಲಿ ಆಗಿದ್ದು. ಅಮೆರಿಕಕ್ಕೆ ಹೋಗುವಾಗ ಮಾಡಿಸಿದ್ದ ಕೈಬರಹದ ಹಳೇ ಪ್ರತಿ ನಡೆಯುವುದಿಲ್ಲ ಅಂದರು. ಹೊಸ ದೃಢೀಕೃತ ಪ್ರತಿ ತೆಗೆಸಿ, ರಾಜ್ಯದಲ್ಲಿ ಮುದ್ರೆ ಹಾಕಿಸಿ, ದೆಹಲಿಯ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶಗಳೂ ಒಪ್ಪುವ ಚೀಟಿ, ಅಂಟಿಸಿ, ಸ್ಪ್ಯಾನಿಷ್‌ಗೆ ಅನುವಾದ ಮಾಡಿಸಬೇಕು. ನಮ್ಮ ಸೋದರಮಾವನ ಮಗ ಮೂರು ತಿಂಗಳು ಓಡಾಡಿದ. ಭಾವನ ಹೆಸರಿನ ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಅದಕ್ಕೊಂದು ಬೇರೆ ಪ್ರಮಾಣಪತ್ರ. ಕರ್ನಾಟಕದಲ್ಲಿ ಹುಟ್ಟಿ ಬೆಳೆದವರು ಯಾವ ದೇಶಕ್ಕೇ ಹೋಗಲಿ, ಇನಿಷಿಯಲ್ ಬೆನ್ನು ಬಿಡುವುದಿಲ್ಲ.

ಇವರಿಬ್ಬರೂ ಅಮೆರಿಕದ ಪೌರರು, ಹಾಗಾಗಿ ಪ್ರವಾಸಿಗಳಾಗಿ ಸುಮ್ನೆ ಒಳಗೆ ಹೋಗಿ ಅಲ್ಲಿಂದಲೇ ಅರ್ಜಿ ಹಾಕಿದರು. ಭಾರತದ ಪಾಸ್‌ಪೋರ್ಟ್ ಇರುವವರಿಗೆ 2019ರಿಂದ ಈಕ್ವೆಡಾರ್ ಮೊದಲೇ ವೀಸಾ ಕೇಳುತ್ತಿದೆ. ಇದನ್ನು ಓದಿ ಯಾರಿಗಾದರೂ ಆಸೆ ಹುಟ್ಟಿದರೆ ಇಷ್ಟು ನೆನಪಿಟ್ಟುಕೊಳ್ಳಿ.

ವಿಮಾನ, ಏಜೆಂಟ್, ಮುದ್ರೆ, ಅನುವಾದ, ಮೊದಲ ಮನೆಯ ಅಡ್ವಾನ್ಸ್ ಎಲ್ಲ ಸೇರಿ ಒಮ್ಮೆಲೇ ಹೋದದ್ದು 4,800 ಡಾಲರ್. ಇದು ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ಅಕ್ಕನ ಪುಸ್ತಕದ ಮೊದಲ ಪುಟದಲ್ಲಿ ಇದೆ.

ಮೊದಲ ಆರು ತಿಂಗಳು

ಏಜೆಂಟ್ ತೋರಿಸಿದ ಮೊದಲ ಮನೆಯನ್ನೇ ಹಿಡಿದರು. ಸುತ್ತ ಗೋಡೆ, ಗೇಟಿಗೆ ಕಾವಲುಗಾರ, ಒಳಗೆ ಇಪ್ಪತ್ತು ಮನೆ, ಎಲ್ಲರೂ ಹೊರಗಿನವರು. ಬಾಡಿಗೆ 650. ಆ ದೇಶದ ಕನಿಷ್ಠ ತಿಂಗಳ ವೇತನವೇ ಆಗ 450. ಬಾಡಿಗೆ ಕರಾರು ಬಾಯಿಮಾತಿನದು. ಬಿಡುವಾಗ ಅಡ್ವಾನ್ಸ್ ವಾಪಸ್ ಬರಲಿಲ್ಲ, ಗೋಡೆಗೆ ಬಣ್ಣ, ಪರದೆ ತೊಳೆಸಿದ್ದು ಅಂತ ಮುರಿದುಕೊಂಡರು. ಅಕ್ಕ ಪುಸ್ತಕದಲ್ಲಿ ಅದರ ಪಕ್ಕ ಏನೂ ಬರೆದಿಲ್ಲ, ಎರಡು ಗೆರೆ ಎಳೆದಿದ್ದಾಳೆ ಅಷ್ಟೆ.

ಊಟ ತಿಂಡಿ ಸಾಮಾನಿಗೆ 620. ಇದು ಹೇಗೆ ಆಯಿತು? ಹತ್ತಿರದ ಪಟ್ಟಣ ಇಬಾರ್ರಾದ ದೊಡ್ಡ ಸೂಪರ್‌ಮಾರ್ಕೆಟ್‌ಗೆ ವಾರಕ್ಕೊಮ್ಮೆ ಟ್ಯಾಕ್ಸಿ. ಅಲ್ಲಿ ಅಮೆರಿಕದಲ್ಲಿ ತಿನ್ನುತ್ತಿದ್ದದ್ದನ್ನೇ ಹುಡುಕಿ ತರುವುದು: ಬಾದಾಮಿ, ಚೀಸ್, ಆಲಿವ್ ಎಣ್ಣೆ, ಡಬ್ಬಿಯ ಕಡಲೆ. ಹೊರಗಿನಿಂದ ಬಂದ ಪದಾರ್ಥಕ್ಕೆಲ್ಲ ಸುಂಕ ಬಿದ್ದು ಬೆಲೆ ನ್ಯೂಜೆರ್ಸಿಗಿಂತ ಜಾಸ್ತಿ. ಮನೆ ಊರಾಚೆ ಇದ್ದುದರಿಂದ ಎಲ್ಲದಕ್ಕೂ ಟ್ಯಾಕ್ಸಿ, ತಿಂಗಳಿಗೆ 160. ಅಂತರರಾಷ್ಟ್ರೀಯ ಆರೋಗ್ಯ ವಿಮೆ 310. ಕರೆಂಟು, ನೀರು, ಇಂಟರ್‌ನೆಟ್ 70. ಬಾಕಿ ಚಿಲ್ಲರೆ 90. ಕೆಂಪು ಶಾಯಿಯಲ್ಲಿ 1,900.

"ಭಾಷೆ ಗೊತ್ತಿಲ್ದೆ ಇದ್ರೆ ಬೆಲೆ ಬರೆದಿರೋ ಅಂಗಡಿಗೇ ಹೋಗ್ತೀವಿ ಕಣೇ. ಬೆಲೆ ಬರೆದಿರೋ ಅಂಗಡಿ ಯಾವತ್ತೂ ದುಬಾರಿ" ಅಂದಳು ಅಕ್ಕ. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಉಪಯೋಗದ ಮಾತು ಅನ್ನಿಸಿದ್ದು ಇದೇ.

ಕೊಸರು

ತಿರುವು ಬಂದದ್ದು ಒಂದು ಹುಣಸೆಹಣ್ಣಿನಿಂದ. ಸೂಪರ್‌ಮಾರ್ಕೆಟ್‌ನಲ್ಲಿ ಸಿಗದೆ ಅಕ್ಕ ಊರಿನ ಸಂತೆಗೆ ಹೋದಳು. ಹಣ್ಣು ಸಿಕ್ಕಿತು, ಸಮುದ್ರತೀರದ ಕಡೆಯಿಂದ ಬರುತ್ತದಂತೆ. ಪಕ್ಕದಲ್ಲೇ ಉಂಡೆ ಉಂಡೆ ಬೆಲ್ಲ. ಅಲ್ಲಿ ಅದಕ್ಕೆ ಪಾನೇಲಾ ಅನ್ನುತ್ತಾರೆ, ಮೂಸಿ ನೋಡಿದರೆ ಮಂಡ್ಯದ ಆಲೆಮನೆ. ತೆಂಗಿನಕಾಯಿ, ಕೊತ್ತಂಬರಿ, ಸಿಹಿಗುಂಬಳ, ಹಸಿಮೆಣಸಿನಕಾಯಿ. ಹೊದಿಕೆ ಹೊದ್ದ ಒಬ್ಬ ಕಿಚ್ವಾ ಹೆಂಗಸು ಆಲೂಗಡ್ಡೆ ಅಳೆದು ಚೀಲಕ್ಕೆ ಸುರಿದು, ಆಮೇಲೆ ಎರಡು ಗಡ್ಡೆ ಮೇಲೆ ಹಾಕಿ "ಯಾಪಾ" ಅಂದಳು. ಅಕ್ಕನಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ, ಕಿಚ್ವಾ ಮೊದಲೇ ಬರುವುದಿಲ್ಲ. ಆದರೆ ದೇವರಾಜ ಮಾರುಕಟ್ಟೆಯಲ್ಲಿ ಬೆಳೆದವಳಿಗೆ ಕೊಸರು ಅರ್ಥವಾಗಲು ಡಿಕ್ಷನರಿ ಬೇಕಾ?

ಆಮೇಲೆ ನಡೆದದ್ದು ನಮ್ಮಲ್ಲಿ ನಡೆಯುವಂತೆಯೇ. ಪ್ರತಿ ವಾರ ಅದೇ ಹೆಂಗಸಿನ ಹತ್ತಿರ ಹೋಗುವುದು. ಅಲ್ಲಿ ಖಾಯಂ ಗಿರಾಕಿಯೂ ಕಸೇರಾ, ಖಾಯಂ ಮಾರುವವಳೂ ಕಸೇರಾ, ಇಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಾರೆ. ಎರಡನೇ ತಿಂಗಳಿಗೆ ಬೆಲೆ ತಾನಾಗಿ ಇಳಿಯಿತು. ಮೂರನೇ ತಿಂಗಳಿಗೆ ಕೊಸರು ಕೇಳದೆಯೇ ಬರತೊಡಗಿತು. ಒಂದು ಸಣ್ಣ ಶಿಸ್ತು ಮಾತ್ರ ಕಲಿಯಬೇಕಾಯಿತು: 20 ಡಾಲರ್ ನೋಟು ತೆಗೆದುಕೊಂಡು ಸಂತೆಗೆ ಹೋಗಬಾರದು. ಚಿಲ್ಲರೆ ಇಲ್ಲ ಅಂತ ಕೈ ಅಲ್ಲಾಡಿಸುತ್ತಾರೆ. ಅಮೆರಿಕದಲ್ಲಿ ಯಾರೂ ಮುಟ್ಟದ ಒಂದು ಡಾಲರ್ ನಾಣ್ಯ ಇಲ್ಲಿ ಎಲ್ಲರ ಜೇಬಿನಲ್ಲೂ ಗಲಗಲ ಅನ್ನುತ್ತದೆ.

ಅವರು ಸಸ್ಯಾಹಾರಿಗಳು. ಇದು ಹೋಟೆಲಿನಲ್ಲಿ ಕಷ್ಟ ಕೊಟ್ಟಿತು. ಮಧ್ಯಾಹ್ನದ ಊಟಕ್ಕೆ ಅಲ್ಮುಯೆರ್ಸೊ ಅನ್ನುತ್ತಾರೆ. ಒಂದು ಬಟ್ಟಲು ಸೂಪು, ಒಂದು ತಟ್ಟೆ ಅನ್ನ ಪಲ್ಯ, ಒಂದು ಲೋಟ ಹಣ್ಣಿನ ರಸ, ಎಲ್ಲ ಸೇರಿ ಸುಮಾರು ಮೂರು ಡಾಲರ್. ಭಾವ ಪುಸ್ತಕ ನೋಡಿ ಕಲಿತುಕೊಂಡು "ಸಿನ್ ಕಾರ್ನೆ", ಮಾಂಸ ಬೇಡ, ಅಂದರು. ಕೋಳಿ ಸಾರು ಬಂತು. ಅಲ್ಲಿ ಕಾರ್ನೆ ಅಂದರೆ ಜನರ ಲೆಕ್ಕದಲ್ಲಿ ದನದ ಮಾಂಸ, ಕೋಳಿ ಅದರಲ್ಲಿ ಸೇರುವುದಿಲ್ಲ! ಈಗ ಒಂದೇ ಹೋಟೆಲು ಗೊತ್ತು ಮಾಡಿಕೊಂಡಿದ್ದಾರೆ. ಅಲ್ಲಿ ಆಲೂಗಡ್ಡೆ, ಚೀಸ್ ಹಾಕಿ ಕುದಿಸಿದ ಲೋಕ್ರೊ ಸೂಪು, ಮೇಲೆ ಬೆಣ್ಣೆಹಣ್ಣಿನ ಹೋಳು. ವಾರಕ್ಕೆ ಎರಡು ಸಲ.

ಮನೆ ಅಡುಗೆಯ ಕಥೆ ಇನ್ನೂ ಸ್ವಾರಸ್ಯ. 2,400 ಮೀಟರ್ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿ ಬೇಳೆ ಗಂಟೆಗಟ್ಟಲೆ ಕುದಿಸಿದರೂ ಹಲ್ಲಿಗೆ ಸಿಗುತ್ತದೆ. ಅಕ್ಕ ಸೂಟ್‌ಕೇಸಿನಲ್ಲಿ ಬಟ್ಟೆ ಬಿಟ್ಟು ಕುಕ್ಕರ್ ತಂದಿದ್ದು ಅವಳ ಜೀವನದ ಅತಿ ಜಾಣತನದ ಕೆಲಸ ಅಂತ ಭಾವ ಹೇಳುತ್ತಾರೆ. ನ್ಯೂಜೆರ್ಸಿಯಲ್ಲಿ ಮೂರು ಕೂಗು ಸಾಕಾಗುತ್ತಿತ್ತು, ಇಲ್ಲಿ ಐದು. ಮೊದಮೊದಲು ಕುಕ್ಕರ್ ಕೂಗಿದಾಗ ಕೆಳಗಿನ ಮನೆಯ ಒಡತಿ ಓಡಿ ಬಂದಿದ್ದರಂತೆ. ತೊಗರಿಬೇಳೆ ಊರಿನ ಸಂತೆಯಲ್ಲಿ ಇಲ್ಲ. ಮಸೂರದಂಥ ಕಾಳು, ಒಣ ಬಟಾಣಿ ಇವೆ. ಹುಳಿ ಅದರಲ್ಲೇ. ಆಬಾಸ್ ಅಂತ ದಪ್ಪನೆಯ ಹಸಿ ಕಾಳು ಸಿಗುತ್ತದೆ. ನೆನೆಸಿ ಹಿತುಕಿ ಸಿಪ್ಪೆ ತೆಗೆದರೆ ಹಿತಕಿದಬೇಳೆ ಸಾರಿಗೆ ತೊಂಬತ್ತು ಪಾಲು ಹತ್ತಿರ ಬರುತ್ತದೆ. ಅವರೆಯ ಸೊಗಡು ಮಾತ್ರ ಇಲ್ಲ. ಕೀನ್ವಾ ಉಪ್ಪಿಟ್ಟೂ ಮಾಡುತ್ತಾಳೆ. ನೊರೆ ಹೋಗುವವರೆಗೆ ತೊಳೆಯದಿದ್ದರೆ ಕಹಿ.

ಇಡ್ಲಿ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ರಾತ್ರಿ ಹೊರಗೆ ಎಂಟು ಹತ್ತು ಡಿಗ್ರಿ ಚಳಿ, ಮನೆಯೊಳಗೂ ಹೀಟರ್ ಇಲ್ಲ. ಹಿಟ್ಟು ಎರಡು ದಿನ ಆದರೂ ಮೌನ. ಈಗ ಸಂಜೆ ಬಿಸಿನೀರು ತುಂಬಿದ ಎರಡು ಬಾಟಲಿ ಜೊತೆಗೆ ಹಿಟ್ಟಿನ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸುತ್ತಾಳೆ. ನಾನಿದ್ದಾಗ ಒಂದು ಬೆಳಿಗ್ಗೆ ಹಿಟ್ಟು ಉಬ್ಬಿದ್ದಕ್ಕೆ ಮನೆಯಲ್ಲಿ ಮಗು ಹುಟ್ಟಿದಷ್ಟು ಸಂಭ್ರಮ.

ಎರಡನೇ ಮನೆ, ಎರಡನೇ ಲೆಕ್ಕ

ಕೆಳಗಿನ ಮನೆಯ ಒಡತಿ ಅಂದೆನಲ್ಲ, ಅವರು ಎರಡನೇ ಮನೆಯವರು. ಸಂತೆಯ ಹೆಂಗಸೇ ತೋರಿಸಿದ್ದು. ಅವಳ ತಂಗಿಯ ಅತ್ತೆ ಈ ಒಡತಿ. ಯಾವ ಜಾಹೀರಾತಿನಲ್ಲೂ ಇಲ್ಲದ ಮನೆ. ಸಂತೆಗೆ ಐದು ನಿಮಿಷದ ನಡಿಗೆ, ಮೇಲಿನ ಮಹಡಿ, ಎರಡು ಕೋಣೆ, ಕುರ್ಚಿ ಮಂಚ ಯಾವುದೂ ಇಲ್ಲ. ಬಾಡಿಗೆ 280. ಈ ಸಲ ಕರಾರು ಬರೆಸಿಕೊಂಡರು.

2024ರ ಸೆಪ್ಟೆಂಬರ್‌ನ ಪುಟ ನನ್ನ ಮುಂದಿದೆ. ಬಾಡಿಗೆ 280. ಕರೆಂಟ್ 19, ನೀರು 4, ಇಂಟರ್‌ನೆಟ್ 26, ಎರಡು ಫೋನು 20. ಗ್ಯಾಸ್ 3. ಅದು ಮುದ್ರಣದೋಷ ಅಲ್ಲ, ಮೂರೇ ಡಾಲರ್. 15 ಕಿಲೋ ಸಿಲಿಂಡರ್‌ಗೆ ಸರ್ಕಾರದ ಸಬ್ಸಿಡಿ ಬೆಲೆ 1.60 ಡಾಲರ್, ಮನೆ ಬಾಗಿಲಿಗೆ ತಂದುಕೊಡಲು ಉಳಿದದ್ದು. ಒಲೆಗೂ ಸ್ನಾನದ ಗೀಸರಿಗೂ ಅದೇ. ನಮ್ಮಲ್ಲಿ 14.2 ಕಿಲೋಗೆ 800 ರೂಪಾಯಿ ಮೇಲೆ ಕೊಡುವವರು ಕಣ್ಣುಜ್ಜಿಕೊಂಡು ಓದಬೇಕು. ಸಂತೆ 210, ಸೂಪರ್‌ಮಾರ್ಕೆಟ್ 60, ಹೊರಗಿನ ಊಟ 48. ಬಸ್ಸು ಟ್ಯಾಕ್ಸಿ 35. ಅಲ್ಲಿನದೇ ಕಂಪನಿಯ ವಿಮೆ, ಗುಳಿಗೆ, ಡಾಕ್ಟರ್ ಫೀಸು ಸೇರಿ 260. ಫ್ಲೋರಿಡಾ ಪ್ರಯಾಣಕ್ಕೆ ಎತ್ತಿಟ್ಟಿದ್ದು 120. ಇತರೆ 60. ಕೆಂಪು ಶಾಯಿ: 1,145.

ಇದರಲ್ಲಿ ಹವೆಯ ಪಾಲು ದೊಡ್ಡದು, ಜನ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಗಲು ಇಪ್ಪತ್ತು ಡಿಗ್ರಿ ಆಸುಪಾಸು, ವರ್ಷಪೂರ್ತಿ. ಹೀಟರ್ ಬೇಡ, ಎಸಿ ಬೇಡ. ನ್ಯೂಜೆರ್ಸಿಯಲ್ಲಿ ಚಳಿಗಾಲದ ಒಂದು ತಿಂಗಳ ಬಿಲ್ಲು ಇಲ್ಲಿ ಅರ್ಧ ವರ್ಷಕ್ಕೆ ಆಗುತ್ತದೆ. ಚಳಿ ಆದರೆ ಊರಿನವರು "ಅಚಚಾಯ್!" ಅಂತ ಕೈ ಉಜ್ಜಿಕೊಂಡು ಇನ್ನೊಂದು ಹೊದಿಕೆ ಹೊದೆಯುತ್ತಾರೆ. ಭಾವ ಈಗ ಕನ್ನಡ ಮಾತಾಡುವಾಗಲೂ ಅಚಚಾಯ್ ಅನ್ನುತ್ತಾರೆ.

ಎತ್ತರ ಕೇಳುವ ಬೆಲೆ

ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಕಾಲು ಭಾಗ ಕಡಿಮೆ. ಒಂದೊಂದು ಉಸಿರಿನಲ್ಲೂ ಅಷ್ಟೇ ಕಡಿಮೆ ಆಮ್ಲಜನಕ. ನಾನು ಹೋದ ಮೊದಲ ಮೂರು ದಿನ ಅವರ ಮಹಡಿ ಮೆಟ್ಟಿಲು ಹತ್ತಿ ಬಾಗಿಲಲ್ಲೇ ಕೂತುಬಿಡುತ್ತಿದ್ದೆ. ರಾತ್ರಿ ಎರಡಕ್ಕೆ ಎಚ್ಚರ, ಬಾಯಿ ಒಣಗಿ ಮರಳು. ವಾರದಲ್ಲಿ ಸರಿಯಾಯಿತು. ಭಾವನಿಗೆ ಹಾಗೆ ಸುಲಭವಾಗಿ ಹೋಗಲಿಲ್ಲ. ಅವರಿಗೆ ಬಿಪಿ ಇದೆ. ಬಂದ ಎರಡನೇ ತಿಂಗಳು ಏರಿತು, ಗುಳಿಗೆ ಬದಲಾಯಿಸಬೇಕಾಯಿತು. ಈಗ ಮೂರು ತಿಂಗಳಿಗೊಮ್ಮೆ ಇಬಾರ್ರಾದಲ್ಲಿ ಹೃದಯದ ಡಾಕ್ಟರ್ ನೋಡುತ್ತಾರೆ. ಎತ್ತರದಲ್ಲಿ ದೇಹ ಕೆಂಪು ರಕ್ತಕಣ ಜಾಸ್ತಿ ಮಾಡುತ್ತದೆ, ಹಾಗಾಗಿ ರಕ್ತ ಪರೀಕ್ಷೆಯೂ ಆಗುತ್ತದೆ. ಬಿಸಿಲೂ ಅಷ್ಟೆ. ಚಳಿ ಇದೆಯಲ್ಲ ಅಂತ ಟೋಪಿ ಇಲ್ಲದೆ ಹೋದರೆ ಒಂದು ಗಂಟೆಯಲ್ಲಿ ಮೂಗಿನ ಚರ್ಮ ಸುಲಿಯುತ್ತದೆ. ಭೂಮಧ್ಯರೇಖೆಯ ನೆತ್ತಿ ಮೇಲಿನ ಸೂರ್ಯ, ತಡೆಯಲು ತೆಳು ಗಾಳಿ.

ಅಮೆರಿಕದ ಮೆಡಿಕೇರ್, ಅಂದರೆ 65 ತುಂಬಿದವರ ಸರ್ಕಾರಿ ಆರೋಗ್ಯ ವಿಮೆ, ದೇಶದ ಹೊರಗೆ ನಡೆಯುವುದಿಲ್ಲ. ಈಕ್ವೆಡಾರ್‌ನ ಸಾಮಾಜಿಕ ಭದ್ರತಾ ವಿಮೆಗೆ ವಿದೇಶಿಯರೂ ಸೇರಬಹುದು. ಆದಾಯದ ಶೇ. 17.6, ಹೆಂಡತಿಗೆ ಇನ್ನೂ ಶೇ. 3.41. ಅದಕ್ಕೆ ಸೇರಿದರೆ ತಮಗೆ ಎಷ್ಟಾಗುತ್ತದೆ ಅಂತ ಭಾವ ಕೂತು ಲೆಕ್ಕ ಹಾಕಿ, ಸದ್ಯಕ್ಕೆ ಖಾಸಗಿ ವಿಮೆಯೇ ಸಾಕು ಅಂದರು. ನನಗೆ ಇದು ಒಪ್ಪಿಗೆಯಾಗಿಲ್ಲ. ಖಾಸಗಿ ವಿಮೆಯ ಕಂತು ವಯಸ್ಸಿನ ಜೊತೆ ಏರುತ್ತದೆ. ಅವರು ಲೆಕ್ಕ ಹಾಕಿದ್ದು ಈಗಿನ ವಯಸ್ಸಿಗೆ.

ಇದಕ್ಕೊಂದು ಬಾಲ ಬೇರೆ ಇದೆ. 2026ರಲ್ಲಿ ಭಾವನಿಗೆ 65. ಆಗ ಮೆಡಿಕೇರ್‌ನ ಡಾಕ್ಟರ್ ಖರ್ಚಿನ ಬಿ ಭಾಗಕ್ಕೆ ಸೇರದಿದ್ದರೆ, ಆಮೇಲೆ ಸೇರುವಾಗ ತಡವಾದ ಪ್ರತಿ ಪೂರ್ತಿ ವರ್ಷಕ್ಕೂ ಕಂತಿನ ಮೇಲೆ ಶೇ. 10 ದಂಡ, ಅದೂ ಜೀವನಪೂರ್ತಿ. 2025ರಲ್ಲಿ ಆ ಕಂತು ತಿಂಗಳಿಗೆ 185 ಡಾಲರ್ ಇತ್ತು. ಉಪಯೋಗಿಸಲಾಗದ ವಿಮೆಗೆ ಅಷ್ಟು ಕಟ್ಟಬೇಕಾ, ಅಥವಾ ಮುಂದೆ ಮಗನ ಹತ್ತಿರ ಹೋಗಬೇಕಾದಾಗ ದಂಡ ತೆರಬೇಕಾ? ಗಂಡ ಹೆಂಡತಿಗೆ ಈ ವಿಷಯದಲ್ಲಿ ವಾರಕ್ಕೊಮ್ಮೆ ಮಾತು ಬೆಳೆಯುತ್ತದೆ.

ಕರೆಂಟು ಹೋದಾಗ, ರಸ್ತೆ ಮುಚ್ಚಿದಾಗ

1,145ರ ಆ ತಿಂಗಳಲ್ಲೇ ದೇಶದಲ್ಲಿ ಕರೆಂಟ್ ಕಡಿತ ಶುರುವಾಯಿತು. ಈಕ್ವೆಡಾರ್‌ನ ವಿದ್ಯುತ್ತಿನ ದೊಡ್ಡ ಪಾಲು ಜಲವಿದ್ಯುತ್ ಸ್ಥಾವರಗಳಿಂದ ಬರುತ್ತದೆ. ಭಾರಿ ಬರಗಾಲ ಬಂದು ದಕ್ಷಿಣದ ಮಸಾರ್ ಜಲಾಶಯ ಬತ್ತಿತು. ಅಕ್ಟೋಬರ್ ಕೊನೆಯ ಹೊತ್ತಿಗೆ ದಿನಕ್ಕೆ 14 ಗಂಟೆವರೆಗೂ ಕತ್ತಲು. ವರ್ಷದ ಕೊನೆಗೆ ಸರಿಹೋಯಿತು. ಗ್ಯಾಸ್ ಇದ್ದುದರಿಂದ ಅಡುಗೆ ನಿಲ್ಲಲಿಲ್ಲ, ಮಿಕ್ಸಿ ನಿಂತಿತು. "ಲೋಡ್ ಶೆಡ್ಡಿಂಗ್ ನಮಗೇನು ಹೊಸದಾ" ಅಂತ ಅಕ್ಕ ಬೆಳಗಿನ ಮೂರು ಗಂಟೆಗೆ ಎದ್ದು ಹಿಟ್ಟು ರುಬ್ಬಿದಳು. ಗೋಡೆಯೊಳಗಿನ ಹಳೆಯ ನೆರೆಯವರಲ್ಲಿ ಇಬ್ಬರು ಅದೇ ಡಿಸೆಂಬರ್‌ನಲ್ಲಿ ಊರು ಬಿಟ್ಟರು.

2025ರ ಸೆಪ್ಟೆಂಬರ್‌ನದು ಹಾಗೆ ನಕ್ಕು ಬಿಡುವಂಥದ್ದಲ್ಲ. ಸರ್ಕಾರ ಡೀಸೆಲ್ ಸಬ್ಸಿಡಿ ತೆಗೆದು, ಗ್ಯಾಲನ್‌ಗೆ 1.80 ಇದ್ದದ್ದು 2.80 ಆಯಿತು. ಮೂಲನಿವಾಸಿಗಳ ಒಕ್ಕೂಟ ಮುಷ್ಕರಕ್ಕೆ ಕರೆ ಕೊಟ್ಟಿತು. ಒಟವಾಲೊ, ಕೋಟಕಾಚಿ ಇರುವ ಇಂಬಾಬುರಾ ಪ್ರಾಂತವೇ ಅದರ ಮುಖ್ಯ ನೆಲೆ. ಒಂದು ತಿಂಗಳು ಹೆದ್ದಾರಿಗೆ ಮರ, ಮಣ್ಣು, ಟೈರು. ಸೆಪ್ಟೆಂಬರ್ 28ರಂದು ಕೋಟಕಾಚಿಯಲ್ಲೇ ಒಬ್ಬ ಕಿಚ್ವಾ ಸಮುದಾಯದವರು ಗುಂಡೇಟಿಗೆ ಸತ್ತರು. ಆ ವಾರ ಅಕ್ಕ ಫೋನಿನಲ್ಲಿ ಮೆಲ್ಲಗೆ ಮಾತಾಡಿದಳು. ಲೆಕ್ಕದ ಮಾತೇ ಎತ್ತಲಿಲ್ಲ.

ಆ ತಿಂಗಳ ಪುಟ ವಿಚಿತ್ರವಾಗಿದೆ. ಖರ್ಚು ತೀರಾ ಕಡಿಮೆ, ಯಾಕೆಂದರೆ ಕೊಳ್ಳಲು ಏನೂ ಇರಲಿಲ್ಲ. ಗ್ಯಾಸ್ ಲಾರಿ ಬರಲಿಲ್ಲ. ಸಾಮಾನು ಬರುವ ದಾರಿ ಎಲ್ಲ ಬಂದ್. ಭಾವನ ಗುಳಿಗೆ ಹತ್ತು ದಿನಕ್ಕಾಗುವಷ್ಟು ಇತ್ತು. ಕೊನೆಗೆ ಒಡತಿಯ ಅಳಿಯ ಹೊಲದ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗಿ ಒಟವಾಲೊದಿಂದ ತಂದುಕೊಟ್ಟ. ಸಂತೆಯ ಹೆಂಗಸಿನ ಹಳ್ಳಿಯಿಂದ ಒಂದು ಮೂಟೆ ಆಲೂಗಡ್ಡೆ ಬಂತು. ದುಡ್ಡು ಕೊಡಹೋದರೆ "ಮಿಂಗಾಗೆ ಬಂದಿದ್ದಿರಲ್ಲ" ಅಂದಳಂತೆ. ಮಿಂಗಾ ಅಂದರೆ ಊರವರೆಲ್ಲ ಸೇರಿ ಕೂಲಿ ಇಲ್ಲದೆ ಮಾಡುವ ಕೆಲಸ, ನಮ್ಮ ಮುಯ್ಯಾಳಿನ ಹತ್ತಿರದ ನೆಂಟ. ಆ ವರ್ಷ ಮಾರ್ಚ್‌ನಲ್ಲಿ ನೀರಿನ ಕಾಲುವೆ ಹೂಳು ತೆಗೆಯುವಾಗ ಭಾವ ಅರ್ಧ ದಿನ ಗುದ್ದಲಿ ಹಿಡಿದಿದ್ದರು. ಉಸಿರು ಸಿಗದೆ ಹೆಚ್ಚು ಹೊತ್ತು ಕೂತಿದ್ದೇ ಜಾಸ್ತಿ ಅಂತ ಅಕ್ಕನ ವರದಿ. ಆದರೂ ಲೆಕ್ಕಕ್ಕೆ ಬಂದಿದೆ.

ನನ್ನ ಒಂದು ತಕರಾರು

ಜೂನ್‌ನಲ್ಲಿ ನಾನಿದ್ದಾಗ ಇಂತಿ ರಾಯ್ಮಿ, ಸೂರ್ಯನ ಹಬ್ಬ. ಮೇಲಿನ ಹಳ್ಳಿಯವರು, ಕೆಳಗಿನ ಹಳ್ಳಿಯವರು ದೊಡ್ಡ ಕರಿ ಟೋಪಿ, ಮೇಕೆ ಚರ್ಮದ ಉಡುಪು ಹಾಕಿ ಚೌಕದ ಸುತ್ತ ನೆಲ ಗುದ್ದಿ ಕುಣಿಯುತ್ತಾರೆ. ಕೆಲವು ಸಲ ಕೈ ಕೈ ಮಿಲಾಯಿಸುವುದೂ ಉಂಟು, ಪೊಲೀಸರು ಅಶ್ರುವಾಯು ಹಿಡಿದು ಮೂಲೆಯಲ್ಲಿ ನಿಂತಿರುತ್ತಾರೆ. ಅವತ್ತು ಒಡತಿಯ ಮಗಳ ಜೊತೆ ಮಹಡಿಯಲ್ಲಿ ನಿಂತು ನೋಡುತ್ತಿದ್ದೆ. ಶಾಲೆ ಟೀಚರ್. ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಅಮ್ಮನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಾಳೆ. ಊರಂಚಿನಲ್ಲಿ ಒಂದು ಸೈಟು ಕೊಳ್ಳುವ ಆಸೆ. ಅವಳ ಅಜ್ಜನೇ ಮಾರಿದ ಹೊಲದ ಒಂದು ತುಂಡಿಗೆ ಈಗ ಕೇಳುವ ಬೆಲೆ ಹೇಳಿ ನಕ್ಕಳು. ಆ ಹೊಲದಲ್ಲೇ ಗೋಡೆ ಎದ್ದು ಅಕ್ಕ ಭಾವ ಮೊದಲು ಇದ್ದ ಮನೆಗಳಾಗಿವೆ.

ಅಕ್ಕನಿಗೆ ಇದನ್ನು ಹೇಳಿದೆ. "ನಾವು 280 ಕೊಡ್ತಿರೋದು ಅವರ ಬೆಲೆ ಅಲ್ವಾ" ಅಂದಳು. ಅವರ ಬೆಲೆಯೇ. ಆದರೆ ಆ ಮೇಲಿನ ಮಹಡಿ ಖಾಲಿ ಇದ್ದಿದ್ದರೆ ಯಾರು ಇರುತ್ತಿದ್ದರು? ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ದುಡ್ಡು ಬೇಕಿತ್ತು ಕಣೇ, ನಮಗೆ ಮನೆ ಬೇಕಿತ್ತು" ಅಂದಳು. ಅದೂ ಸುಳ್ಳಲ್ಲ. ಒಡತಿಯ ಗಂಡನ ಡಯಾಲಿಸಿಸ್ ಓಡಾಟಕ್ಕೆ ಆ ಬಾಡಿಗೆಯೇ ಆಧಾರ.

ಕಳೆದ ತಿಂಗಳು ಕರಾರು ಮುಗಿಯಿತು. ಅದಕ್ಕೆ ಎರಡು ವಾರ ಮುಂಚೆ ಹೊಸದಾಗಿ ಬಂದ ಒಬ್ಬ ಅಮೆರಿಕದವ ಮನೆ ನೋಡಿಕೊಂಡು ಹೋಗಿ ಒಡತಿಗೆ 450 ಕೊಡುತ್ತೇನೆ ಅಂದಿದ್ದ. ಒಡತಿ ಮೇಲೆ ಬಂದು, ಕಾಫಿ ಕುಡಿದು, ತುಂಬಾ ಹೊತ್ತು ಹವೆಯ ಬಗ್ಗೆ ಮಾತಾಡಿ, ಕೊನೆಗೆ ವಿಷಯ ಹೇಳಿದರು. ತಾವು ಕೇಳಿದ್ದು 320. ಭಾವ 300ಕ್ಕೆ ಚೌಕಾಸಿ ಮಾಡೋಣ ಅಂತ ಕನ್ನಡದಲ್ಲಿ ಪಿಸುಗುಟ್ಟಿದರು. ಅಕ್ಕ ಅವರ ಕಡೆ ನೋಡದೆ ಒಪ್ಪಿಕೊಂಡಳು. ಹೋಗುವಾಗ ಒಡತಿ ಅಡುಗೆಮನೆಯ ಹಳೇ ಗೀಸರನ್ನು ತಾವೇ ಬದಲಾಯಿಸಿಕೊಡುತ್ತೇವೆ ಅಂದರಂತೆ. ಪುಸ್ತಕದಲ್ಲಿ ಬಾಡಿಗೆ 320ರ ಮುಂದೆ ಅಕ್ಕ ಬ್ರಾಕೆಟ್‌ನಲ್ಲಿ ಬರೆದುಕೊಂಡಿದ್ದಾಳೆ: ಗೀಸರ್ ಕೊಸರು.